ಚಲುವರಾಜು ಜರ್ಮನಿಗೆ ಡೇಟಾ ಹರಿಸಿದ್ದು

ಕೆರಗೋಡಿನ ಕಡೆ ಗದ್ದೆಗಳಿಗೆ ನಾಲೆಯ ನೀರು ಬಿಡುವ ನೀರುಗಂಟಿ ಚಲುವರಾಜುವಿಗೆ ಈ ಲೋಕದಲ್ಲಿ ಅರ್ಥವಾಗದ ವಿಷಯ ಯಾವುದೂ ಇರಲಿಲ್ಲ. ಯಾಕೆಂದರೆ ಅವನಿಗೆ ನಾಲೆ ಅರ್ಥವಾಗಿತ್ತು. ನಾಲೆ ಅರ್ಥವಾದವನಿಗೆ ಮಿಕ್ಕಿದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ ಎಂದು ಅವನು ನಂಬಿದ್ದ. ಕರೆಂಟು ಹೋದರೆ ಮೇಲುಗಡೆಯವರು ತೂಬು ಮುಚ್ಚಿದರು ಎನ್ನುತ್ತಿದ್ದ. ಸೊಸೈಟಿಯಲ್ಲಿ ಸಕ್ಕರೆ ಮುಗಿದರೆ ಮೊದಲ ಮನೆಗಳವರು ಜಾಸ್ತಿ ಎಳೆದುಕೊಂಡರು ಎನ್ನುತ್ತಿದ್ದ. ಮಂಡ್ಯದಿಂದ ಬರುವ ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಅವನಿಗೆ ಕೋಪ ಬರುತ್ತಿರಲಿಲ್ಲ. ಹತ್ತಿದವರೆಲ್ಲ ಮುಂದಿನ ಸ್ಟಾಪಿನವರು, ನಾವು ಕೊನೆ ಭಾಗದವರು, ಇಷ್ಟಾದರೂ ಬಂತಲ್ಲ ಎಂದು ಕಂಬಿ ಹಿಡಿದು ನೇತಾಡುತ್ತಿದ್ದ.

ಕೊನೆ ಭಾಗದ ಕಷ್ಟ ಅವನಿಗೆ ಮದುವೆಯಿಂದಲೂ ಗೊತ್ತಿತ್ತು. ಹೆಂಡತಿ ರಂಜಿತ ಮಳವಳ್ಳಿ ತಾಲ್ಲೂಕಿನವಳು. ಅವಳ ಅಪ್ಪ ಹುಚ್ಚೀರಯ್ಯನವರ ಗದ್ದೆ ಇರುವುದು ನಾಲೆಯ ತುತ್ತ ತುದಿಯಲ್ಲಿ. ಮೇಲಿನವರೆಲ್ಲ ಗದ್ದೆ ತುಂಬಿಸಿಕೊಂಡು, ದನದ ಮೈ ತೊಳೆದು, ಟ್ರ್ಯಾಕ್ಟರಿನ ಮೈಯನ್ನೂ ತೊಳೆದು ಮಿಕ್ಕಿದರೆ ಅಲ್ಲಿಗೆ ನೀರು. ಮಗಳಿಗೆ ಗಂಡು ನೋಡುವಾಗ ಹುಚ್ಚೀರಯ್ಯನವರು ಮೇಷ್ಟ್ರನ್ನು ಬಿಟ್ಟರು, ಪೊಲೀಸನ್ನು ಬಿಟ್ಟರು, ನೀರುಗಂಟಿಯೇ ಬೇಕೆಂದು ಹುಡುಕಿಕೊಂಡು ಬಂದರು. ತೂಬಿನ ಹಿಡಿ ಅಳಿಯನ ಕೈಯಲ್ಲಿದ್ದ ಮೇಲೆ ಮಾವನ ಗದ್ದೆ ಒಣಗುತ್ತದೆಯೇ ಎಂಬುದು ಅವರ ಲೆಕ್ಕ. ಒಣಗಿತು. ಚಲುವರಾಜುವಿನ ತೂಬಿನ ನೀರು ಅವನ ಊರಿನ ಎಲ್ಲೆ ದಾಟುವುದಿಲ್ಲ, ಮಾವನ ಊರಿನ ನಾಲೆಯೇ ಬೇರೆ ಎಂದು ಅವನು ಪ್ರತಿ ಹಬ್ಬದ ಊಟದಲ್ಲೂ ವಿವರಿಸುತ್ತಿದ್ದ. ಹುಚ್ಚೀರಯ್ಯನವರು ಪ್ರತಿ ಹಬ್ಬದಲ್ಲೂ ಪೂರ್ತಿ ಕೇಳಿ, ಮನಸ್ಸಿದ್ದರೆ ಬರುತ್ತದೆ ಎಂದು ಒಬ್ಬಟ್ಟಿಗೆ ಇನ್ನೊಂದು ಸೌಟು ತುಪ್ಪ ಹಾಕಿಸಿಕೊಳ್ಳುತ್ತಿದ್ದರು.

ರಂಜಿತ ಮಂಡ್ಯದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸಾಗಿದ್ದಳು. ಜರ್ಮನಿಯ ಆಸ್ಪತ್ರೆಗಳಿಗೆ ನರ್ಸುಗಳು ಬೇಕಂತೆ ಎಂದು ಯಾರೋ ಹೇಳಿದ್ದೇ ತಡ, ಒಲೆಯ ಮುಂದೆ ಕೂತು ಜರ್ಮನ್ ಭಾಷೆ ಕಲಿತಳು. ಸಾರಿಗೆ ಒಗ್ಗರಣೆ ಹಾಕುತ್ತ ಕ್ರಿಯಾಪದ ಬಾಯಿಪಾಠ ಮಾಡಿದಳು. ಪರೀಕ್ಷೆ ಪಾಸಾದ ದಿನ ಊರೆಲ್ಲ ಚಲುವರಾಜುವಿನ ಮುಖ ನೋಡಿತು. ಅವನು ಎದೆ ಉಬ್ಬಿಸಿ, ಎರಡು ವರ್ಷ ತಾನೇ, ಹೋಗಿ ಬಾ, ಮಗುವನ್ನು ನಾನು ನೋಡಿಕೊಳ್ಳುತ್ತೇನೆ ಎಂದ. ಹೇಳಿದ್ದು ನಿಜವಾದ ಮನಸ್ಸಿನಿಂದಲೇ. ಆದರೆ ಅವಳನ್ನು ವಿಮಾನ ಹತ್ತಿಸಿ ಬಂದ ಸಂಜೆ, ಅದೇ ಬಾಯಿಗೆ ಮುದ್ದೆಯ ತುತ್ತು ಇಳಿಯಲಿಲ್ಲ. ಸಾರಿನಲ್ಲಿ ಉಪ್ಪಿಲ್ಲ ಎಂದು ಎದ್ದುಹೋದ. ಅವನ ತಾಯಿ ಸಣ್ಣತಾಯಮ್ಮ ಸಾರು ನೆಕ್ಕಿ ನೋಡಿದರು. ಉಪ್ಪು ಸರಿಯಾಗಿಯೇ ಇತ್ತು. ಅವರು ತಟ್ಟೆ ಮುಚ್ಚಿಟ್ಟರು.

ದಿನಾ ಸಂಜೆ ಆರು ಗಂಟೆಗೆ ರಂಜಿತ ವೀಡಿಯೋ ಕಾಲ್ ಮಾಡುತ್ತಿದ್ದಳು. ಅಲ್ಲಿ ಆಗ ಮಧ್ಯಾಹ್ನ. ಇಲ್ಲಿ ಆ ಹೊತ್ತಿಗೆ ಊರಿನ ಅಷ್ಟೂ ಫೋನುಗಳು ಎದ್ದಿರುತ್ತಿದ್ದವು. ಹೀಗಾಗಿ ರಂಜಿತಳ ಮುಖ ಒಮ್ಮೆ ಬಂದರೆ ಒಮ್ಮೆ ಇಲ್ಲ. ಬಂದರೂ ಚೌಕ ಚೌಕವಾಗಿ, ಕೋಸಂಬರಿಗೆ ಹೆಚ್ಚಿದ ಸೌತೆಕಾಯಿಯ ಹಾಗೆ ಬರುತ್ತಿತ್ತು. ಒಂದು ದಿನ ಚಲುವರಾಜು ಮಾತಿಗೆ ಮಾತು ಎಂದು, ಅಲ್ಲಿ ಫೋನಿಗೆ ಎಷ್ಟು ಹಾಕಿಸುತ್ತೀಯ ಎಂದು ಕೇಳಿದ. ಇಲ್ಲಿಯ ಕಾರ್ಡಿಗೆ ತಿಂಗಳಿಗೆ ಹತ್ತು ಜಿಬಿ, ಹದಿನೈದು ಯೂರೋ, ನಮ್ಮ ದುಡ್ಡಿನಲ್ಲಿ ಒಂದೂವರೆ ಸಾವಿರದ ಮೇಲೆ ಎಂದು ಅವಳು ಹೇಳಿದಳು. ಅದರ ಹಿಂದೆಯೇ ಇನ್ನೇನೋ ಹೇಳಿದಳು. ಅದು ಚಲುವರಾಜುವಿನ ಕಿವಿಗೆ ಬೀಳಲಿಲ್ಲ. ಅವನು ಅಷ್ಟು ಹೊತ್ತಿಗೆ ಭಾಗಾಕಾರಕ್ಕೆ ಇಳಿದಿದ್ದ.

ಅವನದು ಮುನ್ನೂರು ರೂಪಾಯಿಯ ಪ್ಲಾನು. ಇಪ್ಪತ್ತೆಂಟು ದಿನ, ದಿನಕ್ಕೆ ಒಂದೂವರೆ ಜಿಬಿ. ಅಂದರೆ ಇಲ್ಲಿ ಒಂದು ಜಿಬಿಗೆ ಏಳೆಂಟು ರೂಪಾಯಿ, ಅಲ್ಲಿ ನೂರೈವತ್ತು. ತಾನು ಏಳು ರೂಪಾಯಿಯ ಮುಖ ತೋರಿಸುತ್ತಿದ್ದೇನೆ, ಅವಳು ನೂರೈವತ್ತು ರೂಪಾಯಿ ಕೊಟ್ಟು ಅದನ್ನು ನೋಡುತ್ತಿದ್ದಾಳೆ. ಕನ್ನಡಿಯಲ್ಲಿ ನೋಡಿಕೊಂಡರೆ ಆ ಮುಖಕ್ಕೆ ಅಷ್ಟು ಬೆಲೆ ಅವನಿಗೇ ಕಾಣಲಿಲ್ಲ.

ಅಂದಿನಿಂದ ಗಂಡಹೆಂಡಿರ ಮಾತು ಹೀಗೆ ನಡೆಯತೊಡಗಿತು.

"ಊಟ ಆಯ್ತೇನ್ರೀ?"

"ಆಯ್ತು. ಎಷ್ಟು ಉಳ್ದದೆ?"

"ಏನು?"

"ಡೇಟಾ ಕಣಮ್ಮಿ. ಹತ್ತು ಜೀಬೀಲಿ ಇನ್ನೆಷ್ಟು ಉಳ್ದದೆ?"

"ನೋಡಿಲ್ಲ. ಅನು ಎಲ್ಲಿ?"

"ಇಲ್ಲೇ ಅವ್ಳೆ. ಬಿರ್ರನೆ ನೋಡ್ಬುಡು. ನೋಡ್ದಾ? ಸರಿ, ಫೋನ್ ಮಡಗು. ದುಡ್ಡು ಅರ್ದೋಯ್ತದೆ."

ಮಗಳು ಅನುಗೆ ಆಗ ಆರು ವರ್ಷ. ಮುಂದಿನ ಹಲ್ಲು ಬಿದ್ದಿತ್ತು. ಬಿದ್ದ ಜಾಗವನ್ನು ಅಮ್ಮನಿಗೆ ತೋರಿಸಬೇಕೆಂದು ಎರಡು ಬೆರಳಲ್ಲಿ ತುಟಿ ಎತ್ತಿ ಬಾಯಿ ತೆರೆದಿದ್ದಳು. ತೆರೆದ ಬಾಯಿ ಮುಚ್ಚುವಷ್ಟರಲ್ಲಿ ಅಪ್ಪ ಫೋನು ಮುಚ್ಚಿದ್ದ. ಮಗು ಆ ಬಾಯಿಯನ್ನು ಅಜ್ಜಿಗೆ ತೋರಿಸಿ ಸಮಾಧಾನಪಟ್ಟುಕೊಂಡಿತು.

ಮನೆಯಲ್ಲಿ ಕಳೆದುಕೊಂಡದ್ದನ್ನು ಚಲುವರಾಜು ಶಿವಣ್ಣನ ಟೀ ಅಂಗಡಿಯಲ್ಲಿ ಗಳಿಸಿಕೊಂಡ. ಸ್ವದೇಶ ವಿದೇಶಗಳ ಡೇಟಾ ದರ ಬಲ್ಲವನು ಆ ಹೋಬಳಿಗೆ ಅವನೊಬ್ಬನೇ ಎಂದಾಯಿತು. ಅವನು ಟೀ ಲೋಟವನ್ನು ಜರ್ಮನಿ ಮಾಡಿ, ಪಕ್ಕದ ನೀರಿನ ಕೊಡವನ್ನು ಇಂಡಿಯಾ ಮಾಡಿ ವಿವರಿಸುತ್ತಿದ್ದ. ಅಲ್ಲಿಯವರು ತಿಂಗಳಿಡೀ ಲೋಟದಲ್ಲಿ ಕುಡಿಯುವುದನ್ನು ನಾವು ವಾರದಲ್ಲಿ ಕೊಡದಲ್ಲಿ ಚೆಲ್ಲುತ್ತೇವೆ ಎಂದಾಗ ಕೇಳಿದವರು ತಲೆದೂಗುತ್ತಿದ್ದರು, ತಲೆದೂಗುತ್ತಲೇ ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಅಷ್ಟು ಮುಂದುವರಿದ ದೇಶದಲ್ಲಿ ಅಷ್ಟು ದುಬಾರಿ ಯಾಕೆ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಕೊಟ್ಟವರು ಸಣ್ಣತಾಯಮ್ಮ.

"ಅಲ್ಲಿ ಅಳತೆ ದೊಡ್ಡದಿರ್ಬೇಕು ಕಣ್ಲಾ. ನಮ್ಮ ಜೀಬಿ ಪಾವಿನಷ್ಟು, ಅವರ ಜೀಬಿ ಸೇರಿನಷ್ಟು. ಇಲ್ದಿದ್ರೆ ಯಾರು ಕೊಟ್ಟಾರು ಅಷ್ಟು ದುಡ್ಡ?"

ಈ ವಿವರಣೆ ಊರಿಗೆ ಒಪ್ಪಿಗೆಯಾಯಿತು. ಚಲುವರಾಜುವಿಗೆ ಒಪ್ಪಿಗೆಯಾಗಲಿಲ್ಲ. ಅವನನ್ನು ಕೊರೆಯುತ್ತಿದ್ದದ್ದು ಅಳತೆಯಲ್ಲ, ಪೋಲು. ದಿನದ ಒಂದೂವರೆಯಲ್ಲಿ ಅವನು ಅರ್ಧವನ್ನೂ ಮುಗಿಸುತ್ತಿರಲಿಲ್ಲ. ಮಿಕ್ಕಿದ್ದು ದಿನ ತಿರುಗಿದ ಕೂಡಲೇ ಇಲ್ಲವಾಗುತ್ತಿತ್ತು. ಇಡೀ ಊರಿನಲ್ಲಿ ಹಾಗೆ ಎಷ್ಟು ಹಾಳಾಗುತ್ತಿರಬಹುದು! ಒಂದು ಹಿಡಿ ನೀರು ಹಳ್ಳಕ್ಕೆ ಹೋದರೆ ಓಡಿ ಮಣ್ಣು ಹಾಕುವ ಮನುಷ್ಯ ಅವನು. ಇಲ್ಲಿ ಕಣ್ಣೆದುರಿಗೇ ನಾಲೆಯಷ್ಟು ಡೇಟಾ ಹಳ್ಳ ಸೇರುತ್ತಿದೆ, ಅಲ್ಲಿ ಕೊನೆ ಭಾಗದಲ್ಲಿ ಹೆಂಡತಿ ಲೋಟ ಹಿಡಿದು ನಿಂತಿದ್ದಾಳೆ.

ಅವನ ಆಸೆಯೇನೂ ದೊಡ್ಡದಲ್ಲ. ಒಂದು ಗಂಟೆ, ಒಂದೇ ಒಂದು ಗಂಟೆ, ಮಡಗು ಎನ್ನದೆ ಅವಳ ಮುಖ ನೋಡಬೇಕು. ಹೇಳುವುದು ಎಷ್ಟೋ ಇತ್ತು. ಹಸು ಈದದ್ದು ಹೇಳಿರಲಿಲ್ಲ. ಅವಳು ಹಾಕಿದ್ದ ಕನಕಾಂಬರ ಈಗ ಹೂ ಬಿಟ್ಟಿದೆ, ಮುಡಿಯುವವರಿಲ್ಲದೆ ಗಿಡದಲ್ಲೇ ಒಣಗುತ್ತಿದೆ ಎಂಬುದನ್ನು ಹೇಳಿರಲಿಲ್ಲ. ಇಂಥವೆಲ್ಲ ನೂರೈವತ್ತು ರೂಪಾಯಿಯ ಡೇಟಾದಲ್ಲಿ ಹೇಳುವ ಮಾತುಗಳಲ್ಲ.

ಅವನು ಮಂಡ್ಯಕ್ಕೆ ಹೋಗಿ ಯತೀಶನ ಮೊಬೈಲ್ ಅಂಗಡಿಯಲ್ಲಿ ವಿಚಾರಿಸಿದ. ಯತೀಶ ಒಂದು ಕೈಯಲ್ಲಿ ಒಬ್ಬರ ಫೋನಿಗೆ ಗಾಜು ಅಂಟಿಸುತ್ತ, ಭುಜ ಮತ್ತು ಕಿವಿಯ ನಡುವೆ ಇನ್ನೊಂದು ಫೋನು ಸಿಕ್ಕಿಸಿಕೊಂಡು, ಮೂರನೆಯವರಿಗೆ ಚಿಲ್ಲರೆ ಕೊಡುತ್ತಿದ್ದ. ನಮ್ಮ ಮಿಕ್ಕ ಡೇಟಾವನ್ನು ಜರ್ಮನಿಗೆ ಕಳಿಸಬಹುದೇ ಎಂಬ ಪ್ರಶ್ನೆ ಅವನ ಕಿವಿಯನ್ನು ಪೂರ್ತಿ ಮುಟ್ಟಲಿಲ್ಲ. ಸಂಜೆ ವೀಡಿಯೋ ನಿಂತು ನಿಂತು ಬರುತ್ತದೆ ಎಂಬುದಷ್ಟೇ ಮುಟ್ಟಿತು.

"ಟವರ್ರು ಒಂದೇ ಅಣ್ಣ. ಸಂಜೆ ಊರೆಲ್ಲ ಒಟ್ಗೇ ಎಳೀತದೆ. ಅವರೆಲ್ಲ ಆಫ್ ಮಾಡುದ್ರೆ ನಿಮ್ಮದು ಸಲೀಸಾಗಿ ಓಯ್ತದೆ."

ಇಷ್ಟು ಸಾಕಾಯಿತು. ಚಲುವರಾಜು ಅಂಗಡಿಯ ಮೆಟ್ಟಿಲಿಳಿಯುವಾಗ ಬೇರೆ ಮನುಷ್ಯನಾಗಿದ್ದ. ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎಂದು ಬಸ್ಸಿನುದ್ದಕ್ಕೂ ತನ್ನ ತಲೆಗೆ ತಾನೇ ಮೊಟಕಿಕೊಂಡ. ತಲೆ ಭಾಗದವರು ತೂಬು ಮುಚ್ಚಿದರೆ ತಾನೇ ನೀರು ಕೊನೆ ಭಾಗಕ್ಕೆ ಹೋಗುವುದು? ಊರಿನವರೆಲ್ಲ ಒಂದು ಗಂಟೆ ಎಳೆಯದೆ ಬಿಟ್ಟರೆ, ಆ ಡೇಟಾ ಪೂರ್ತಿ ಅವನ ಫೋನಿನ ಮೂಲಕ ಜರ್ಮನಿಗೆ ಹರಿಯುತ್ತದೆ. ರಂಜಿತ ತನ್ನ ಹತ್ತು ಜಿಬಿಯನ್ನು ಮುಟ್ಟುವುದೇ ಬೇಡ. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ನಾಲೆಯಲ್ಲಿ ಇಷ್ಟು ದಿನ ನೀರು, ಇಷ್ಟು ದಿನ ಬಂದ್ ಎಂದು ಸರದಿ ಮಾಡುತ್ತಾರಲ್ಲ, ಕಟ್ಟು ಪದ್ಧತಿ ಎಂದು, ಅದನ್ನೇ ಡೇಟಾಕ್ಕೂ ತರುವುದು ಎಂದು ಕೆರಗೋಡು ಬರುವಷ್ಟರಲ್ಲಿ ತೀರ್ಮಾನವಾಯಿತು. ಭಾನುವಾರ ಸಂಜೆ ಆರರಿಂದ ಏಳು.

ಮೊದಲು ಹೋದದ್ದು ಪಕ್ಕದ ಮನೆಯ ಚಿಕ್ಕನಂಜಮ್ಮನ ಬಳಿಗೆ. ಆಕೆ ಟೀವಿಯಲ್ಲಿ ತಪ್ಪಿಸಿಕೊಂಡ ಧಾರಾವಾಹಿಗಳನ್ನೆಲ್ಲ ಸಂಜೆ ಫೋನಿನಲ್ಲಿ ಹಿಡಿಯುವವರು. ಚಲುವರಾಜು ನಾಲೆ, ತೂಬು, ಜರ್ಮನಿ ಎಲ್ಲವನ್ನೂ ವಿವರಿಸಿದ. ಚಿಕ್ಕನಂಜಮ್ಮನಿಗೆ ಎಲ್ಲ ಅರ್ಥವಾಯಿತು. ಆದರೆ ಧಾರಾವಾಹಿಯಲ್ಲಿ ಸೊಸೆಗೆ ವಿಷ ಹಾಕುವ ವಾರವಿದು, ಈಗ ಹೇಗೆ ಬಿಡುವುದು ಎಂದರು. ಚಲುವರಾಜು ಅಂಗಲಾಚಿದ. ಕೊನೆಗೆ ಆಕೆಯೇ ದಾರಿ ತೋರಿಸಿದರು.

"ಸುಮ್ಕೆ ಬ್ಯಾಡ ಬುಡಪ್ಪ. ಮುಯ್ಯಿ ಮಾಡ್ಕೊಳನ. ನಿಂಗೆ ನಾನು ಒಂದು ಗಂಟೆ ಬುಟ್ಕೊಡ್ತೀನಿ, ನಂಗೆ ನೀನು ಒಂದು ದಿನ ಬಂದು ಕಬ್ಬಿನ ಸೋಗೆ ಬುಡಿಸ್ಕೊಡು."

ಮುಯ್ಯಿ ಎಂದರೆ ಆ ಕಡೆ ಯಾರೂ ಇಲ್ಲ ಎನ್ನುವಂತಿಲ್ಲ. ನನ್ನ ಹೊಲಕ್ಕೆ ಇವತ್ತು ನೀನು, ನಿನ್ನ ಹೊಲಕ್ಕೆ ನಾಳೆ ನಾನು; ಅದಕ್ಕೆ ಕೂಲಿಯಿಲ್ಲ, ತಪ್ಪಿಸಿದರೆ ಮಾನವಿಲ್ಲ. ಚಲುವರಾಜು ಒಪ್ಪಿದ. ಒಪ್ಪಿದ ಸುದ್ದಿ ಅವನಿಗಿಂತ ಮೊದಲೇ ಮುಂದಿನ ಮನೆ ತಲುಪಿತ್ತು. ಅಲ್ಲಿಯವರು ಮುಖ ಬಾಡಿಸಿಕೊಂಡು, ಒಂದು ಗಂಟೆ ಫೋನಿಲ್ಲದೆ ಹೇಗಪ್ಪ ಇರುವುದು ಎಂದು ನಿಟ್ಟುಸಿರಿಟ್ಟು, ಗೊಬ್ಬರ ಹೊರುವ ಕೆಲಸ ಹೇಳಿದರು. ಅದರ ಮುಂದಿನ ಮನೆಯವರಲ್ಲಿ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಅದರಲ್ಲಿ ನೆಟ್ಟೇ ಇರಲಿಲ್ಲ. ಆದರೂ ಇರುವುದನ್ನು ಬಿಟ್ಟುಕೊಡುತ್ತೇವೆ ಎಂದು ಅವರು ಒಂದು ದಿನದ ಕಳೆ ಕೀಳುವ ಕೆಲಸಕ್ಕೆ ಒಪ್ಪಿಸಿಕೊಂಡರು. ಬೀದಿ ಮುಗಿಯುವ ಹೊತ್ತಿಗೆ ಚಲುವರಾಜು ಮುಂದಿನ ಸಂಕ್ರಾಂತಿಯವರೆಗೆ ಊರವರ ಆಳಾಗಿದ್ದ.

ಉಳಿದದ್ದು ಪಂಚಾಯಿತಿ ಮೆಂಬರು ಜಯಪ್ರಕಾಶ್. ಅವರಿಗೆ ಎರಡು ಫೋನು. ಅವರು ಮುಯ್ಯಿಗೆ ಬಗ್ಗುವವರಲ್ಲ. ತಮ್ಮ ಗದ್ದೆಗೆ ಸರದಿಗಿಂತ ಒಂದು ದಿನ ಮುಂಚೆ ನೀರು ತಿರುಗಿಸಿದರೆ ಎರಡೂ ಫೋನು ಆರಿಸುತ್ತೇನೆ ಎಂದು ನಗುತ್ತ ಹೇಳಿದರು. ಚಲುವರಾಜು ಕೈಮುಗಿದ. ಮಾವನಿಗೇ ಬಿಡದ ನೀರನ್ನು ಮೆಂಬರಿಗೆ ಬಿಟ್ಟರೆ ಹೆಂಡತಿಗೆ ಮುಖ ತೋರಿಸುವುದು ಹೇಗೆ, ಅದನ್ನು ತೋರಿಸುವುದಕ್ಕೇ ತಾನೇ ಇಷ್ಟೆಲ್ಲ ಒದ್ದಾಟ ಎಂದ. ಜಯಪ್ರಕಾಶ್, ಹಾಗಾದರೆ ಈ ಕಾರ್ಯಕ್ರಮದ ಉದ್ಘಾಟನೆ ತಮ್ಮಿಂದಲೇ ಆಗಬೇಕು ಎಂದರು. ಫೋನು ಆರಿಸುವುದಕ್ಕೆ ಉದ್ಘಾಟನೆ ಏನಿದೆ ಎಂದು ಚಲುವರಾಜುವಿಗೆ ತೋಚಲಿಲ್ಲ. ಮೆಂಬರಿಗೆ ತೋಚಿತ್ತು. ಮಾಲೆಯನ್ನು ಮಾತ್ರ ಚಲುವರಾಜು ತರಬೇಕು ಎಂದು ಮಾತಾಯಿತು.

ಸುದ್ದಿ ಬಸ್ಸಿನಲ್ಲಿ ಮಂಡ್ಯಕ್ಕೆ, ಮಂಡ್ಯದಿಂದ ಮದ್ದೂರಿಗೆ, ಮದ್ದೂರಿನಿಂದ ಮಳವಳ್ಳಿಗೆ ಹೋಗುವಷ್ಟರಲ್ಲಿ ಡೇಟಾ ದಾರಿಯಲ್ಲೆಲ್ಲೋ ಇಳಿದುಹೋಗಿತ್ತು. ಕೆರಗೋಡು ಕಡೆಯ ನೀರುಗಂಟಿ ಭಾನುವಾರ ಸಂಜೆ ಊರಿನ ತೂಬುಗಳನ್ನೆಲ್ಲ ಬಂದ್ ಮಾಡಿಸಿ ಕೊನೆ ಭಾಗಕ್ಕೆ ಬಿಡುತ್ತಾನಂತೆ ಎಂಬುದಷ್ಟೇ ಹುಚ್ಚೀರಯ್ಯನವರಿಗೆ ತಲುಪಿತು. ಅವರ ಕಣ್ಣು ತುಂಬಿ ಬಂತು. ಗದ್ದೆಯ ನೆರೆಯವರಿಗೆಲ್ಲ ಬದು ಸರಿಮಾಡಿಕೊಳ್ಳಿ ಎಂದು ಹೇಳಿ, ಹೊಸ ಪಂಚೆ ಉಟ್ಟು, ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ಮೊಮ್ಮಗಳಿಗೆ ವಡೆ ಕಟ್ಟಿಸಿಕೊಂಡು, ಭಾನುವಾರ ಮಧ್ಯಾಹ್ನಕ್ಕೇ ಬಂದಿಳಿದರು. ಬಂದವರೇ ಅಳಿಯನ ಎರಡೂ ಕೈ ಹಿಡಿದುಕೊಂಡರು.

"ನಿಮ್ಮನ್ನ ತೆಪ್ಪು ತಿಳ್ಕೊಂಡಿದ್ದೆ ಅಳಿಯಂದ್ರೆ. ಇಷ್ಟು ವರ್ಸ ಆದ್ಮೇಲೆ ಮನ್ಸು ಮಾಡುದ್ರಲ್ಲ."

ಚಲುವರಾಜು ವಿಷಯ ಬಿಡಿಸಿ ಹೇಳಿದ. ಹುಚ್ಚೀರಯ್ಯನವರು ಕೈ ಬಿಟ್ಟರು. ಜಗುಲಿಯ ಮೇಲೆ ಕೂತು, ಕಟ್ಟಿಸಿಕೊಂಡು ಬಂದ ವಡೆಯಲ್ಲಿ ಒಂದನ್ನು ತಾವೇ ತಿಂದರು. ಆಮೇಲೆ, ನನ್ನ ಮಗಳು ಅಷ್ಟು ದೂರ ಹೋದರೂ ಕೊನೆ ಭಾಗದಲ್ಲೇ ಇದ್ದಾಳೆ ಎಂದರಾಯಿತು ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಸಣ್ಣತಾಯಮ್ಮ ಬೀಗರಿಗೆ ಕಾಫಿ ತಂದಿಟ್ಟು, ತಾವೂ ಪಕ್ಕದಲ್ಲಿ ಕೂತರು.

ಆರು ಗಂಟೆಗೆ ಜಯಪ್ರಕಾಶ್ ಮಾಲೆ ಹಾಕಿಸಿಕೊಂಡು ಚಲುವರಾಜುವಿನ ಅಂಗಳದಲ್ಲಿ ಭಾಷಣ ಮಾಡಿದರು. ದೇಶ ಕಾಯುವ ಯೋಧರಿಂದ ಹಿಡಿದು ಕೃಷಿ ಹೊಂಡದವರೆಗೆ ಎಲ್ಲವನ್ನೂ ಮುಟ್ಟಿ, ಕೊನೆಗೆ ಎರಡೂ ಫೋನುಗಳನ್ನು ಎತ್ತಿ ಹಿಡಿದು ಆರಿಸಿದರು. ಊರು ಚಪ್ಪಾಳೆ ತಟ್ಟಿ ತಾನೂ ಆರಿಸಿತು. ಗುಂಡಿ ಫೋನಿನವರೂ ಆರಿಸಿದರು.

ಇಲ್ಲಿಯವರೆಗೆ ಎಲ್ಲವೂ ಚಲುವರಾಜು ಎಣಿಸಿದಂತೆಯೇ ನಡೆಯಿತು. ಅವನು ಎಣಿಸದೆ ಇದ್ದದ್ದು ಒಂದೇ. ಕೈಯಲ್ಲಿ ಫೋನು ಬಂದ್ ಆದ ಊರು ಆ ಒಂದು ಗಂಟೆ ಏನು ಮಾಡುತ್ತದೆ? ಮನೆಗೆ ಹೋಗಿ ಗೋಡೆ ನೋಡುತ್ತಾ ಕೂರುತ್ತದೆಯೇ? ಊರಿನಲ್ಲಿ ಓಡುತ್ತಿದ್ದದ್ದು ಒಂದೇ ಫೋನು. ನೋಡುವುದಕ್ಕೆ ಇದ್ದದ್ದು ಅದೊಂದೇ. ಒಬ್ಬರೂ ಅಂಗಳದಿಂದ ಕದಲಲಿಲ್ಲ. ಚಿಕ್ಕನಂಜಮ್ಮ ಮನೆಯಿಂದ ಮಣೆ ತರಿಸಿಕೊಂಡು ಮುಂದಿನ ಸಾಲಿನಲ್ಲೇ ಕೂತರು.

ರಂಜಿತಳ ಕಾಲ್ ಬಂತು. ಮುಖವೂ ಬಂತು. ಚೌಕ ಚೌಕವಾಗಿ ಅಲ್ಲ, ನಿಜವಾದ ಮುಖ. ಹುಬ್ಬಿನ ಪಕ್ಕದ ಮಚ್ಚೆ ಸಮೇತ, ಬಳಲಿದ ಕಣ್ಣು ಸಮೇತ. ಚಲುವರಾಜು ಬಾಯಿ ತೆರೆದ. ಅಷ್ಟರಲ್ಲಿ ಫೋನು ಅವನ ಕೈಯಲ್ಲಿರಲಿಲ್ಲ.

ಮೊದಲು ಅನು ಬಾಯಿ ತೆರೆದು ತೋರಿಸಿದಳು. ಹಳೆಯ ಹಲ್ಲಿನ ಜಾಗದಲ್ಲಿ ಆಗಲೇ ಹೊಸದು ಅಕ್ಕಿಕಾಳಿನಷ್ಟು ಇಣುಕಿತ್ತು. ಅಷ್ಟರವರೆಗೆ ನ್ಯಾಯವೇ. ಆಮೇಲೆ ಹುಚ್ಚೀರಯ್ಯನವರು ಫೋನನ್ನು ಕಿವಿಗಿಟ್ಟುಕೊಂಡು ಮಾತಾಡಿದರು. ರಂಜಿತ ಅಪ್ಪನ ಕಿವಿಯನ್ನೇ ನೋಡುತ್ತ ಉತ್ತರ ಕೊಟ್ಟಳು. ಸಣ್ಣತಾಯಮ್ಮ ಸೊಸೆ ಬಡವಾಗಿದ್ದಾಳೆ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಚಿಕ್ಕನಂಜಮ್ಮ ತಮ್ಮ ಮಂಡಿಯನ್ನು ಫೋನಿಗೆ ತೋರಿಸಿ, ಅಲ್ಲಿಯ ದೊಡ್ಡ ಡಾಕ್ಟರಿಗೆ ಇದನ್ನು ತೋರಿಸುವುದಕ್ಕಾಗುತ್ತದೆಯೇ ಎಂದರು. ಜಯಪ್ರಕಾಶ್ ಜರ್ಮನಿಯಲ್ಲಿ ಪಂಚಾಯಿತಿ ಮೆಂಬರಿಗೆ ಸಂಬಳ ಎಷ್ಟು ಎಂದು ವಿಚಾರಿಸಿದರು. ಅಲ್ಲಿ ಹಸು ಎಷ್ಟು ಲೀಟರ್ ಕೊಡುತ್ತದೆ ಎಂದು ಒಬ್ಬರು, ಅನ್ನ ಸಿಗುತ್ತದೆಯೇ ಎಂದು ಒಬ್ಬರು, ಹಿಮ ತೋರಿಸವ್ವ ಎಂದು ಇನ್ನೊಬ್ಬರು. ಬಿಸಿಲಿದೆ ಎಂದು ಅವಳು ಕಿಟಕಿ ತೋರಿಸಿದರೆ, ಬಿಸಿಲು ಕಾಣಲು ಅಷ್ಟು ದೂರ ಯಾಕೆ ಹೋದೆ ಎಂದರು.

ಫೋನು ಕೈಯಿಂದ ಕೈಗೆ ಹೋಯಿತು. ಚಲುವರಾಜು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಸರಿದ. ಅವನು ಹತ್ತಿರ ಬಂದಾಗಲೆಲ್ಲ ಯಾರಾದರೂ, ನೀನು ದಿನಾ ಮಾತಾಡ್ತೀಯಲ್ಲ, ಇರು ಎನ್ನುತ್ತಿದ್ದರು. ಕೊನೆಗೆ ಅವನು ಬಚ್ಚಲ ಗೋಡೆಯ ಪಕ್ಕ, ಎಲ್ಲರ ಬೆನ್ನ ಹಿಂದೆ, ಕಾಲ ಹೆಬ್ಬೆರಳ ಮೇಲೆ ನಿಂತು ನೋಡಿದ. ಇಷ್ಟು ತಲೆಗಳ ನಡುವಿನ ಸಂದಿಯಲ್ಲಿ ಅವಳ ಹಣೆಯಷ್ಟೇ ಕಾಣುತ್ತಿತ್ತು. ತಾನೇ ತೋಡಿದ ಕಾಲುವೆಯಲ್ಲಿ ತನ್ನ ಗದ್ದೆಗೇ ನೀರಿಲ್ಲ.

ಗಂಟೆ ಏಳಕ್ಕೆ ಹತ್ತಿರ ಬಂದಾಗ ರಂಜಿತ, ಅವರೆಲ್ಲಿ ಎಂದಳು. ಊರು ಹಿಂದೆ ತಿರುಗಿ ನೋಡಿತು. ಚಲುವರಾಜು ಬಚ್ಚಲ ಗೋಡೆಯ ಬಳಿಯಿಂದಲೇ, ಆತುರಕ್ಕೆ, ರೂಢಿಯಾದ ಮಾತನ್ನೇ ಕೂಗಿದ.

"ಎಷ್ಟು ಉಳ್ದದೆ ನೋಡಮ್ಮಿ. ಹತ್ತಕ್ಕೆ ಹತ್ತೂ ಅಂಗೇ ಇರ್ಬೇಕು. ಊರೋರೆಲ್ಲ ಬಂದ್ ಮಾಡಿ ನಿಂಗೆ ಡೇಟಾ ಅರಿಸವ್ರೆ."

ರಂಜಿತಳಿಗೆ ಅರ್ಥವಾಗಲಿಲ್ಲ. ನಾಲ್ಕು ಜನ ಒಟ್ಟಿಗೆ ವಿವರಿಸಿದರು. ಕೇಳಿ ಅವಳು ಮೊದಲು ನಕ್ಕಳು. ಆಮೇಲೆ ನಗು ನಿಂತಿತು.

"ಆಸ್ಪತ್ರೆಯೋರ ಹಾಸ್ಟೆಲ್ಲಲ್ಲಿ ನೆಟ್ ಅವರೇ ಕೊಡ್ತಾರೆ ಕಣ್ರೀ. ಒಂದು ಪೈಸೆ ಇಲ್ಲ. ಕಾರ್ಡಿನ ರೇಟು ಯೋಳ್ದಾಗ್ಲೇ ಇದ್ನೂ ಯೋಳಿದ್ದೆ. ನಿಮ್ಗೇ ಅಲ್ಲಿ ಡೇಟಾ ಸಾಲ್ದೇನೋ, ಅದ್ಕೇ ದಿನಾ ಮಡಗು ಮಡಗು ಅಂತೀರ ಅನ್ಕೊಂಡು ನಾನು ಬೇಗ ಮಡಗ್ತಿದ್ದೆ."

ಒಂದು ಗಂಟೆಯ ತ್ಯಾಗ ಮಾಡಿದ ಊರು ಅದು. ಜಯಪ್ರಕಾಶ್ ಕೊರಳ ಮಾಲೆ ತೆಗೆದು ಜಗುಲಿಯ ಮೇಲಿಟ್ಟರು. ಬಿಟ್ಟಿ ಸಿಗುವ ಡೇಟಾಕ್ಕೆ ಊರೆಲ್ಲ ಕತ್ತಲಲ್ಲಿ ಕೂತೆವಲ್ಲ ಎಂದು ಚಿಕ್ಕನಂಜಮ್ಮ ಮಣೆ ಎತ್ತಿಕೊಂಡರು. ಎತ್ತಿಕೊಂಡು ಎರಡು ಹೆಜ್ಜೆ ಹೋದವರು ಹಿಂದಿರುಗಿ, ಆಫ್ ಮಾಡಿದ್ದು ಮಾಡಿದ್ದೇ, ಸೋಗೆ ಬಿಡಿಸುವುದಕ್ಕೆ ಮಂಗಳವಾರ ಬಂದುಬಿಡು ಎಂದರು. ಗುಂಡಿ ಫೋನಿನವರೂ ಕಳೆ ಕೀಳುವ ದಿನ ಹೇಳಿಹೋದರು. ಆಮೇಲೆ ಊರು ಒಟ್ಟಿಗೇ ಫೋನು ಹಚ್ಚಿತು. ಒಂದು ಗಂಟೆ ತಡೆಹಿಡಿದದ್ದೆಲ್ಲ ಒಂದೇ ಸಲ ನುಗ್ಗಿತು. ರಂಜಿತಳ ಮುಖ ಅರೆಗಣ್ಣಿನಲ್ಲಿ, ಏನೋ ಹೇಳಲು ಹೊರಟ ತುಟಿಯಲ್ಲಿ, ಅಲ್ಲಿಯೇ ನಿಂತುಬಿಟ್ಟಿತು.

ಅಂಗಳ ಖಾಲಿಯಾಯಿತು. ಫೋನು ಕೊನೆಗೂ ಚಲುವರಾಜುವಿನ ಕೈಗೆ ಬಂದದ್ದು ಆಗ. ಚಿತ್ರ ಕದಲಲಿಲ್ಲ. ದನಿ ಮಾತ್ರ, ಎಲ್ಲೋ ಬಾವಿಯೊಳಗಿಂದ ಬಂದಂತೆ ಬಂತು. ಇದ್ದೀರಾ ಎಂದಳು. ಇದ್ದೇನೆ ಎಂದ. ಮತ್ತೇನು ಎಂದ. ಮತ್ತೆ ನೀವೇ ಹೇಳಿ ಎಂದಳು.

ಇಲ್ಲಿ ಚಲುವರಾಜುವಿಗೆ ಕಷ್ಟ ಬಂತು. ಇಷ್ಟು ತಿಂಗಳು ಅವನು ಆಡಿದ್ದೆಲ್ಲ ದರದ ಮಾತು. ಇಲ್ಲಿ ಏಳು, ಅಲ್ಲಿ ನೂರೈವತ್ತು. ಅದನ್ನು ಹಿಡಿದುಕೊಂಡು ಅಷ್ಟು ದೂರ ದಾಟಿದ್ದ. ಈಗ ಅಲ್ಲಿಯೂ ಬಿಟ್ಟಿ, ಇಲ್ಲಿಯೂ ಮಿಕ್ಕಿ ಹರಿಯುತ್ತಿದೆ, ಯಾರೂ ಮಡಗು ಎನ್ನುವವರಿಲ್ಲ, ಮಾತೇ ಬರುತ್ತಿಲ್ಲ. ಹಸುವಿನ ವಿಷಯ ಹೇಳಹೋದ. ಊರವರು ಆಗಲೇ ಹೇಳಿಯಾಗಿತ್ತು. ಕನಕಾಂಬರದ ಮಾತು ತುಟಿಯವರೆಗೆ ಬಂದು, ನಾಚಿಕೆಯಾಗಿ ಹಿಂದೆ ಹೋಯಿತು.

ಒಳಗಿನಿಂದ ಸಣ್ಣತಾಯಮ್ಮ ಕೂಗಿದರು. ಎಸರು ಕುದಿಯುತ್ತಿದೆ, ತಮ್ಮ ಮಣಿಕಟ್ಟು ನೋಯುತ್ತಿದೆ, ಬೀಗರು ಉಣ್ಣಬೇಕು, ಬಂದು ಹಿಟ್ಟು ತಿರುವು ಎಂದರು. ಚಲುವರಾಜು ಅವಳಿಗೆ, ಹೋಗಬೇಕು ಎಂದ.

"ಓಗಿ, ತಿರುವಿ. ಮಡಗ್ಬೇಡಿ ಮಾತ್ರ. ಅಂಗೇ ಇರ್ಲಿ."

ಅವನು ಫೋನನ್ನು ಒಲೆಯ ಪಕ್ಕ, ಉಪ್ಪಿನ ಜಾಡಿಗೆ ಒರಗಿಸಿ ನಿಲ್ಲಿಸಿದ. ಪಾತ್ರೆಯನ್ನು ಕಾಲಿನ ನಡುವೆ ಒತ್ತಿ ಹಿಡಿದು, ಕೋಲು ಹಾಕಿ ತಿರುವತೊಡಗಿದ. ಸ್ವಲ್ಪ ಹೊತ್ತು ಕೋಲಿನ ಸದ್ದೊಂದೇ. ಆಮೇಲೆ ಜರ್ಮನಿಯಿಂದ ದನಿ ಬಂತು.

"ಸದ್ದಲ್ಲೇ ಗೊತ್ತಾಯ್ತದೆ, ಗಂಟಾಯ್ತು. ಒಂದೇ ಕಡೆ ತಿರುವ್ತಾ ಇದೀರ. ಅಂಚಿಗೆ ಒತ್ತಿ ತಿರುವಿ."

ಅವನು ಬಗ್ಗಿ ನೋಡಿದ. ಹಿಟ್ಟಿನಲ್ಲಿ ಗಂಟು ಎದ್ದಿತ್ತು. ಅವನು ಬೆರಗಾಗಿ ಉಪ್ಪಿನ ಜಾಡಿಯ ಕಡೆ ನೋಡಿ, ಅಂಚಿಗೆ ಒತ್ತಿ ತಿರುವಿದ. ಹಾಂ, ಈಗ ಸರಿ ಎಂದಿತು ಫೋನು. ಮುದ್ದೆ ಕಟ್ಟಿ ಮಾವನ ತಟ್ಟೆಗೆ ಹಾಕಿದ. ಮಗಳಿಗೆ ಸಣ್ಣದೊಂದು ಕಟ್ಟಿದ. ಆ ಕಡೆಯಿಂದ ನಲ್ಲಿಯ ಸದ್ದು, ತಟ್ಟೆಯ ಸದ್ದು, ಆಮೇಲೆ ಮೂಗು ಏರಿಸಿಕೊಂಡಂತಹ ಸದ್ದು ಬಂತು. ಅವನು ಪಾತ್ರೆ ಉಜ್ಜಿದ. ಒಲೆ ಒರೆಸಿದ. ಫೋನಿಗೆ ಎದುರಾಗಿ ಗೋಡೆಗೆ ಒರಗಿ ಕೂತ. ಚಿತ್ರ ಇನ್ನೂ ಅಲ್ಲಿಯೇ ನಿಂತಿತ್ತು, ಅರೆಗಣ್ಣಿನಲ್ಲಿ.

ಊಟ ಮುಗಿಸಿ ಕೈ ತೊಳೆಯಲು ಬಂದ ಸಣ್ಣತಾಯಮ್ಮ ಮಗನನ್ನೂ ಫೋನನ್ನೂ ನೋಡಿದರು. ಮಾತಿಲ್ಲ, ಕತೆಯಿಲ್ಲ, ಗೊಂಬೆಯೂ ಅಲ್ಲಾಡುವುದಿಲ್ಲ, ಸುಮ್ಮನೆ ಯಾಕೆ ಉರಿಯುತ್ತ ಕೂತಿದೆ ಅದು, ಆರಿಸಿಬಿಡು ಎಂದರು.

ಚಲುವರಾಜು ತುಟಿಯ ಮೇಲೆ ಬೆರಳಿಟ್ಟ.

"ಇರ್ಲಿ ಬುಡವ್ವ. ಮನೇಲವ್ಳೆ."